ಡೈನೋಸಾರ್ ಯಾವ ದಿನ ಸೃಷ್ಟಿಯಾಯಿತು? ಬೈಬಲ್ಲಿಗೂ ವಿಜ್ಞಾನಕ್ಕೂ ತಾಳೆ ಹಾಕಲೇಬೇಕಾ?

ಪೆನ್ಸಿಲ್ ಗುರುತು

ನಾನು ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ವಾರದ ಉಳಿದ ದಿನ ಕಾಲೇಜಿನಲ್ಲಿ ಜಿಯಾಲಜಿ ಪಾಠ. ಇಷ್ಟು ವರ್ಷ ಈ ಎರಡು ಕೆಲಸ ಒಂದರ ಮುಖ ಒಂದು ನೋಡದೆ ನಡೆದುಕೊಂಡು ಬಂದಿದ್ದವು. ಹೋದ ವಾರ ಒಬ್ಬ ಹುಡುಗ ಕೈ ಎತ್ತಿ, "ಟೀಚರ್, ಡೈನೋಸಾರ್ ಯಾವ ದಿನ ಸೃಷ್ಟಿ ಆಗಿದ್ದು?" ಎಂದು ಕೇಳಿದ. ನಾನು ಯೋಚನೆಯೇ ಮಾಡದೆ "ಆರನೇ ದಿನ" ಎಂದುಬಿಟ್ಟೆ. ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬರೆದುಕೊಂಡಿದ್ದು ನೋಡಿ ನನಗೆ ಹೇಗೆಹೇಗೋ ಆಯಿತು. ಮರುದಿನ ಬೆಳಿಗ್ಗೆ ಇದೇ ಬಾಯಲ್ಲಿ, ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ ಆಯಿತು ಎಂದು ಪಾಠ ಮಾಡಿದೆ.

ಮನೆಯಲ್ಲಿ ಅಪ್ಪನ ಹಳೇ ಬೈಬಲ್ ಇದೆ. ದೇವರು ಆರು ದಿನದಲ್ಲಿ ಜಗತ್ತನ್ನು ಸೃಷ್ಟಿಸಿದ ಕಥೆ ಇರುವ ಆದಿಕಾಂಡದ ಮೊದಲ ಪುಟದ ಅಂಚಿನಲ್ಲಿ ಅವರು ಪೆನ್ಸಿಲ್ಲಿನಲ್ಲಿ ಒಂದು ಭಾಗಾಕಾರ ಮಾಡಿದ್ದಾರೆ. ಭೂಮಿಯ ವಯಸ್ಸು 450 ಕೋಟಿ, ಅದನ್ನು 6ರಿಂದ ಭಾಗಿಸಿದರೆ 75 ಕೋಟಿ. ಅಂದರೆ ದೇವರ ಒಂದು ದಿನಕ್ಕೆ 75 ಕೋಟಿ ವರ್ಷ. ಕೆಳಗೆ ಎರಡು ಗೆರೆ ಎಳೆದಿದ್ದಾರೆ, ಲೆಕ್ಕ ಸರಿಹೋಯಿತು ಎನ್ನುವ ಹಾಗೆ. ಚಿಕ್ಕವಳಿದ್ದಾಗ ನನಗೆ ಆ ಎರಡು ಗೆರೆ ಬಹಳ ಧೈರ್ಯ ಕೊಟ್ಟಿದ್ದವು. ಈಗ ಕೊಡುತ್ತಿಲ್ಲ.

ವಿಜ್ಞಾನ ಓದಿಯೂ ಪೂಜೆಗೆ ಹೋಗುವವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ನಿಮ್ಮೊಳಗೆ ಇದನ್ನು ಹೇಗೆ ಕೂಡಿಸಿಕೊಂಡಿದ್ದೀರಿ? "ಎರಡೂ ಬೇರೆ ಬೇರೆ, ತಲೆ ಕೆಡಿಸಿಕೊಳ್ಳಬೇಡ" ಎನ್ನುವ ಉತ್ತರ ಮಾತ್ರ ಬೇಡ. ಅದನ್ನು ಹತ್ತು ವರ್ಷದಿಂದ ನಾನೇ ನನಗೆ ಹೇಳಿಕೊಳ್ಳುತ್ತಿದ್ದೇನೆ.

ಸಂಜೆಗಾಳಿ

ನಿಮ್ಮ ಅಪ್ಪ ಬರೆದಿರುವುದು ಸರಿಯಾಗಿಯೇ ಇದೆಯಲ್ಲ? ದೇವರಿಗೆ ಒಂದು ದಿನ ಅಂದರೆ ಸಾವಿರ ವರ್ಷದ ಹಾಗೆ ಅಂತ ಬೈಬಲ್ಲಿನ ಪೇತ್ರನ ಪತ್ರದಲ್ಲೇ ಇದೆ. ದಿನವನ್ನು ಯುಗ ಅಂತ ಓದಿಕೊಂಡರೆ ಮುಗಿಯಿತು. ಇಷ್ಟಕ್ಕೆ ಯಾಕೆ ಇಷ್ಟು ತಲೆಬಿಸಿ?

ಸೆಮಿನರಿ ಬಿಟ್ಟವನು

ಸಂಜೆಗಾಳಿಯವರೇ, ಆ ಲೆಕ್ಕ ನಡೆಯುವುದಿಲ್ಲ. ಒಮ್ಮೆ ಬೈಬಲ್ ತೆಗೆದು ಕ್ರಮ ನೋಡಿ. ಗಿಡಮರ ಮೂರನೇ ದಿನ ಬರುತ್ತವೆ, ಸೂರ್ಯ ಬರುವುದು ನಾಲ್ಕನೇ ದಿನ. ದಿನಕ್ಕೆ 75 ಕೋಟಿ ವರ್ಷವಾದರೆ ಗಿಡಗಳು ಅಷ್ಟು ಕಾಲ ಬಿಸಿಲು ಕಾಣದೆ ಬದುಕಿದ್ದವಾ? ಹಕ್ಕಿ ಐದನೇ ದಿನ, ನೆಲದ ಪ್ರಾಣಿ ಆರನೇ ದಿನ. ಪಳೆಯುಳಿಕೆ ಹೇಳುವುದು ಪೂರ್ತಿ ಉಲ್ಟಾ, ಹಕ್ಕಿ ಬಂದದ್ದೇ ಡೈನೋಸಾರ್ ಗುಂಪಿನಿಂದ. ದಿನವನ್ನು ರಬ್ಬರಿನ ಹಾಗೆ ಎಷ್ಟು ಎಳೆದರೂ ಕ್ರಮ ಬದಲಾಗುವುದಿಲ್ಲ ಅಲ್ವಾ.

ಹಾಗಾದರೆ ಬರೆದವನು ದಡ್ಡನಾ? ಬಿಸಿಲಿಲ್ಲದೆ ಪೈರು ಬರುವುದಿಲ್ಲ ಅಂತ ಕುರಿ ಕಾಯುವವನಿಗೂ ಗೊತ್ತು. ಬರೆದವನ ಗಮನ ಬೇರೆ ಕಡೆ ಇದೆ. ಮೊದಲ ಮೂರು ದಿನ ಒಂದು ಸಾಲಿನಲ್ಲಿ, ಮುಂದಿನ ಮೂರು ದಿನ ಅದರ ಎದುರು ಸಾಲಿನಲ್ಲಿ ಬರೆದು ನೋಡಿ. ಒಂದನೇ ದಿನ ಬೆಳಕು, ನಾಲ್ಕನೇ ದಿನ ಬೆಳಕು ಕೊಡುವ ಸೂರ್ಯ ಚಂದ್ರ. ಎರಡನೇ ದಿನ ಆಕಾಶ ಮತ್ತು ನೀರು, ಐದನೇ ದಿನ ಹಕ್ಕಿ ಮತ್ತು ಮೀನು. ಮೂರನೇ ದಿನ ನೆಲ, ಆರನೇ ದಿನ ನೆಲದ ಮೇಲೆ ಓಡಾಡುವ ಪ್ರಾಣಿ ಮತ್ತು ಮನುಷ್ಯ. ಮೊದಲು ಮನೆ ಕಟ್ಟಿ ಆಮೇಲೆ ಒಕ್ಕಲು ಬಂದ ಹಾಗೆ. ಇದು ಹಾಡಿನ ಕಟ್ಟು. ಇನ್ನೊಂದು ತಮಾಷೆ ನೋಡಿ. ನಾಲ್ಕನೇ ದಿನದಲ್ಲಿ "ಸೂರ್ಯ", "ಚಂದ್ರ" ಎನ್ನುವ ಹೆಸರೇ ಇಲ್ಲ. ದೊಡ್ಡ ದೀಪ, ಚಿಕ್ಕ ದೀಪ ಅಷ್ಟೇ. ಸುತ್ತಲಿನ ಜನ ಅವನ್ನು ದೇವರೆಂದು ಪೂಜಿಸುತ್ತಿದ್ದ ಕಾಲ ಅದು. ಅವು ಬರೀ ದೀಪ ಕಣಯ್ಯಾ, ಅಡ್ಡಬೀಳಬೇಡ ಅಂತ ಹೇಳುತ್ತಿದ್ದಾನೆ ಎಂದು ಬಹಳ ವಿದ್ವಾಂಸರು ಓದುತ್ತಾರೆ. ನನಗೂ ಹಾಗೇ ಅನಿಸುತ್ತದೆ.

ಇದು ಡಾರ್ವಿನ್ ಬಂದ ಮೇಲೆ ಹುಟ್ಟಿದ ಜಾಣತನ ಅಂತಲೂ ಅಂದುಕೊಳ್ಳಬೇಡಿ. ಸೂರ್ಯನೇ ಇಲ್ಲದೆ ಮೊದಲ ಮೂರು ದಿನ ಹೇಗೆ ಎಂದು ಮೂರನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಒರಿಜನ್ ಕೇಳಿದ್ದರು. ಐದನೇ ಶತಮಾನದ ಮೊದಲ ಭಾಗದಲ್ಲಿ ಸಂತ ಅಗಸ್ಟೀನ್ ಆದಿಕಾಂಡದ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಅದರಲ್ಲಿ ಒಂದು ಕಡೆ ಅವರಿಗೆ ಸಿಟ್ಟೇ ಬಂದಿದೆ. ಆಕಾಶ, ನಕ್ಷತ್ರ, ಗ್ರಹಣ ಇವುಗಳ ಬಗ್ಗೆ ಚೆನ್ನಾಗಿ ತಿಳಿದ ಅನ್ಯಧರ್ಮೀಯನ ಮುಂದೆ ಕ್ರೈಸ್ತನೊಬ್ಬ ಬೈಬಲ್ ಹಿಡಿದುಕೊಂಡು ಅಸಂಬದ್ಧ ಮಾತಾಡಿದರೆ ಮರ್ಯಾದೆ ಹೋಗುವುದು ಬೈಬಲ್ಲಿನದು ಎನ್ನುತ್ತಾರೆ. ಸ್ವಂತ ಕಣ್ಣಿಗೆ ಕಾಣುವ ವಿಷಯದಲ್ಲೇ ತಪ್ಪು ಹೇಳುವ ಪುಸ್ತಕವನ್ನು ಪುನರುತ್ಥಾನದ, ಅಂದರೆ ಸತ್ತವರು ಎದ್ದು ಬರುವ ವಿಷಯದಲ್ಲಿ ಅವನು ಯಾಕೆ ನಂಬಬೇಕು ಎನ್ನುವುದು ಅವರ ಪ್ರಶ್ನೆ. ಭೂಮಿಗೆ 6000 ವರ್ಷ ಅಂತ ವಿಡಿಯೋ ಕಳಿಸುವವರಿಗೆಲ್ಲ ಇದನ್ನು ಓದಿ ಹೇಳಬೇಕು.

ಹಳೇ ಮೇಷ್ಟ್ರು

ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವನು ನಾನು. ತಾಳೆ ಹಾಕುವ ಚಾಳಿ ಬಗ್ಗೆ ಒಂದು ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ಬೆಲ್ಜಿಯಂನ ಜಾರ್ಜ್ ಲೆಮೇತ್ರ್ ಮೊದಲನೇ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದರು. ಯುದ್ಧ ಮುಗಿಸಿ ಬಂದು ಗಣಿತ ಓದಿದರು, 1923ರಲ್ಲಿ ಪಾದ್ರಿ ಆದರು. 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಸಮೇತ ಲೇಖನ ಬರೆದರು. ಅದೇ ವರ್ಷ ಐನ್‌ಸ್ಟೈನ್ ಸಿಕ್ಕಾಗ, ಗಣಿತವೇನೋ ಸರಿ, ಫಿಸಿಕ್ಸ್ ಮಾತ್ರ ಸಹಿಸಲಾಗದು ಎನ್ನುವ ಅರ್ಥದ ಮಾತು ಹೇಳಿದರಂತೆ. 1931ರಲ್ಲಿ ಲೆಮೇತ್ರ್ ಇನ್ನೂ ಮುಂದೆ ಹೋದರು. ಇದೆಲ್ಲ ಒಂದೇ ಒಂದು ಆದಿ ಅಣುವಿನಿಂದ ಶುರುವಾಗಿರಬೇಕು ಎಂದು "ನೇಚರ್" ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಕಳಿಸಿದರು. ಈಗ ನಾವು ಬಿಗ್ ಬ್ಯಾಂಗ್ ಎನ್ನುವುದು ಇದನ್ನೇ. ಆ ಟಿಪ್ಪಣಿಯ ಟೈಪ್ ಮಾಡಿದ ಪ್ರತಿ ಉಳಿದಿದೆ. ಅದರ ಕೊನೆಯಲ್ಲಿ ದೇವರ ಬಗ್ಗೆ ಒಂದು ಪ್ಯಾರಾ ಇತ್ತು. ಅಚ್ಚಿಗೆ ಹೋಗುವ ಮೊದಲು ಅದನ್ನು ಹೊಡೆದು ಹಾಕಿದ್ದಾರೆ.

ಈಗ ನಿಜವಾದ ವಿಷಯ. 1951ರ ನವೆಂಬರಿನಲ್ಲಿ ಪೋಪ್ 12ನೇ ಪಿಯುಸ್ ತಮ್ಮ ವಿಜ್ಞಾನ ಅಕಾಡೆಮಿಯಲ್ಲಿ ಭಾಷಣ ಮಾಡಿದರು. "ಬೆಳಕಾಗಲಿ" ಎಂದ ಆ ಗಳಿಗೆಗೆ ಇಂದಿನ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಎನ್ನುವ ಧಾಟಿಯಲ್ಲಿ ಮಾತಾಡಿದರು. ಬೇರೆ ಪಾದ್ರಿಯಾಗಿದ್ದರೆ ಕುಣಿದಾಡುತ್ತಿದ್ದರು. ಪೋಪ್ ನನ್ನ ಸಿದ್ಧಾಂತವನ್ನು ಹೊಗಳಿದರು ಅಂತ. ಲೆಮೇತ್ರ್‌ಗೆ ಕಸಿವಿಸಿಯಾಯಿತು. ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರ ಜೊತೆ ಸೇರಿ, ದಯವಿಟ್ಟು ಹೀಗೆ ಹೇಳಬೇಡಿ ಎಂದು ಪೋಪ್‌ಗೆ ಮನವರಿಕೆ ಮಾಡಿಸಿದರು. ಮುಂದಿನ ವರ್ಷ ಖಗೋಳ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಭೆ ರೋಮಿನಲ್ಲೇ ನಡೆಯಿತು. ಪೋಪ್ ಅಲ್ಲಿ ಮಾತಾಡಿದರು, ಆದರೆ ಆ ಸುದ್ದಿ ಎತ್ತಲಿಲ್ಲ.

ಯಾಕೆ ಬೇಡ ಅಂದರು? ಆಗ ಬಿಗ್ ಬ್ಯಾಂಗ್ ಇನ್ನೂ ಗೆದ್ದಿರಲಿಲ್ಲ. ವಿಶ್ವಕ್ಕೆ ಆದಿಯೇ ಇಲ್ಲ ಎನ್ನುವ ಸಿದ್ಧಾಂತ ಎದುರಿಗೆ ಗಟ್ಟಿಯಾಗಿ ನಿಂತಿತ್ತು. ನಾಳೆ ಅದೇ ಗೆದ್ದರೆ ದೇವರ ಗತಿ ಏನು? ವಿಶ್ವಾಸವನ್ನು ಈ ವರ್ಷದ ಸಿದ್ಧಾಂತದ ಬಾಲಕ್ಕೆ ಕಟ್ಟಿದರೆ ಅದು ಬಿದ್ದಾಗ ಇದೂ ಬೀಳುತ್ತದೆ. ಬಿಗ್ ಬ್ಯಾಂಗಿನ ಕಾವಿನ ಕುರುಹು ಸಿಕ್ಕ ಸುದ್ದಿ ಲೆಮೇತ್ರ್ ಕಿವಿಗೆ ಬಿದ್ದದ್ದು 1966ರಲ್ಲಿ, ಸಾಯುವ ಸ್ವಲ್ಪ ಮೊದಲು.

ನಿಮ್ಮ ಅಪ್ಪನ 75 ಕೋಟಿಯೂ ಇಂಥದ್ದೇ ಅಮ್ಮಾ. ಪ್ರೀತಿಯಿಂದ ಮಾಡಿದ ಲೆಕ್ಕ, ಆದರೆ ಬೇಡದ ಲೆಕ್ಕ. ಮೊನ್ನೆ ಮೊನ್ನೆಯವರೆಗೂ ನಾನೂ ಅದನ್ನೇ ಮಾಡುತ್ತಿದ್ದೆ. ಕ್ವಾಂಟಮ್ ಅಂದರೆ ಆತ್ಮ ಅಂತೆಲ್ಲ. ಈಗ ನೆನಸಿಕೊಂಡರೆ ನಾಚಿಕೆ.

ಲೆಕ್ಕ ಬೇಕು

ನಾನು ನಂಬುವವನಲ್ಲ, ಹುಟ್ಟಿದ್ದು ಮಾತ್ರ ಕ್ಯಾಥೊಲಿಕ್ ಮನೆಯಲ್ಲಿ. ಚೆನ್ನಾಗಿ ಬರೆದಿದ್ದೀರಿ, ಆದರೆ ಎರಡು ಮಾತು. ಒಂದು, ಲೆಮೇತ್ರ್ ಕಥೆ ಹೇಳುವವರು ಗೆಲಿಲಿಯೋ ಕಥೆಯನ್ನು ಯಾಕೆ ಮರೆಯುತ್ತೀರಿ? ಎರಡು, ವಿಜ್ಞಾನ ಒಂದು ಹೆಜ್ಜೆ ಮುಂದೆ ಬಂದಾಗಲೆಲ್ಲ ನೀವು ಒಂದು ಹೆಜ್ಜೆ ಹಿಂದೆ ಸರಿದು "ಅದು ರೂಪಕ" ಅನ್ನುತ್ತೀರಿ. ಆರು ದಿನ ರೂಪಕ. ನೋಹನ ಪ್ರಳಯ ರೂಪಕ. ಹೀಗೇ ಸರಿಯುತ್ತಾ ಹೋದರೆ ಕೊನೆಗೆ ಬೆನ್ನು ಯಾವ ಗೋಡೆಗೆ ತಾಗುತ್ತದೆ?

ಹಳೇ ಮೇಷ್ಟ್ರು

ಗೆಲಿಲಿಯೋ ವಿಷಯಕ್ಕೆ ನಾನು ಸಮಜಾಯಿಷಿ ಹೇಳುವುದಿಲ್ಲ. ಭೂಮಿಯೇ ಸೂರ್ಯನ ಸುತ್ತ ಸುತ್ತುತ್ತದೆ ಎಂದ ಕೊಪರ್ನಿಕಸ್ ಪುಸ್ತಕಕ್ಕೆ 1616ರಲ್ಲಿ ತಡೆ ಹಾಕಿದರು. 1633ರಲ್ಲಿ ಸುಮಾರು ಎಪ್ಪತ್ತು ವರ್ಷದ ಮುದುಕನನ್ನು ಮಂಡಿಯೂರಿಸಿ ತಪ್ಪೊಪ್ಪಿಗೆ ಹೇಳಿಸಿದರು. 1642ರಲ್ಲಿ ಸಾಯುವವರೆಗೂ ಗೃಹಬಂಧನ. ತಪ್ಪಾಯಿತು ಎಂದು ಪೋಪ್ 2ನೇ ಜಾನ್ ಪಾಲ್ ಬಹಿರಂಗವಾಗಿ ಹೇಳುವ ಹೊತ್ತಿಗೆ 1992 ಬಂತು. ಏನು ಹೇಳಿದರೂ ಇದು ತೊಳೆದು ಹೋಗುವುದಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡುವುದು ಬೇರೆ. ಸರಿಯಾದ ಸೂತ್ರ ಅವರ ಕೈಯಲ್ಲೇ ಇತ್ತು. 1615ರಲ್ಲಿ ಕಾರ್ಡಿನಲ್ ಬೆಲ್ಲಾರ್ಮಿನೋ ಒಂದು ಪತ್ರ ಬರೆದರು. ಭೂಮಿ ಸುತ್ತುತ್ತದೆ ಎನ್ನುವುದಕ್ಕೆ ನಿಜವಾದ ಪುರಾವೆ ಸಿಕ್ಕರೆ ಆಗ ನಾವು ಬೈಬಲ್ಲಿನ ಮಾತನ್ನು ಎಚ್ಚರದಿಂದ ಮತ್ತೆ ಅರ್ಥಮಾಡಿಕೊಳ್ಳಬೇಕು, ಸಾಬೀತಾದದ್ದನ್ನು ಸುಳ್ಳು ಅನ್ನುವುದಕ್ಕಿಂತ ನಮಗೇ ಅರ್ಥವಾಗಿಲ್ಲ ಅನ್ನುವುದು ಮೇಲು ಎನ್ನುವುದು ಅದರ ಸಾರ. ಆಗ ಗೆಲಿಲಿಯೋ ಹತ್ತಿರ ಗಟ್ಟಿ ಪುರಾವೆ ಇರಲಿಲ್ಲ ಎನ್ನುವುದೂ ನಿಜ. ಸಮುದ್ರದ ಉಬ್ಬರ ಇಳಿತ ತೋರಿಸಿ ಅವರು ಮಾಡಿದ ವಾದ ತಪ್ಪಾಗಿತ್ತು. ಭೂಮಿ ಸುತ್ತುವುದರಿಂದ ನಕ್ಷತ್ರ ಸ್ಥಾನ ಬದಲಿಸುವಂತೆ ಕಾಣುವುದನ್ನು ಖಗೋಳ ವಿಜ್ಞಾನಿ ಬೆಸೆಲ್ ಅಳೆದದ್ದು 1838ರಲ್ಲಿ. ಪುರಾವೆ ಸಾಲದು, ಕಾಯೋಣ ಎಂದು ಸುಮ್ನೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬೈಬಲ್ಲಿನಲ್ಲಿ ಯೆಹೋಶುವ ಸೂರ್ಯನಿಗೆ ನಿಲ್ಲು ಎಂದ ವಾಕ್ಯವನ್ನು ಖಗೋಳದ ಪಾಠ ಮಾಡಿಕೊಂಡು ತೀರ್ಪು ಕೊಟ್ಟರು. ಅದೂ ತಾಳೆ ಹಾಕುವ ಚಾಳಿಯೇ. ಒಂದು ಸಲ ಹೊಗಳಲಿಕ್ಕೆ, ಒಂದು ಸಲ ಶಿಕ್ಷೆ ಕೊಡಲಿಕ್ಕೆ.

ಪೆನ್ಸಿಲ್ ಗುರುತು

ಮೇಷ್ಟ್ರೇ, ಆ ಹೊಡೆದು ಹಾಕಿದ ಪ್ಯಾರಾ ವಿಷಯ ನಿನ್ನೆಯಿಂದ ತಲೆಯಲ್ಲೇ ಕೂತಿದೆ.

ನಮ್ಮ ಜಿಯಾಲಜಿಯಲ್ಲೂ ಒಬ್ಬರಿದ್ದಾರೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎನ್ನುವುದು ಮೊದಲ ವರ್ಷದ ಮೊದಲ ಪಾಠ. ಅದನ್ನು 1669ರಲ್ಲಿ ಬರೆದಿಟ್ಟ ಸ್ಟೆನೋ ಮುಂದೆ ಬಿಷಪ್ ಆದರು, 1988ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಅವರನ್ನು ಪುನೀತರು ಎಂದು ಘೋಷಿಸಿತು. ಆದರೆ ಅವರು ಕೂಡ ಪದರಗಳಲ್ಲಿ ನೋಹನ ಪ್ರಳಯವನ್ನೇ ಹುಡುಕಿದರು. ಹಾಗಾಗಿ "ನೋಡಿ, ವಿಜ್ಞಾನಿಗಳಲ್ಲೂ ಪಾದ್ರಿಗಳಿದ್ದರು" ಎನ್ನುವ ಪಟ್ಟಿಯಿಂದ ನನಗೆ ಸಮಾಧಾನ ಆಗುವುದಿಲ್ಲ. ಒಬ್ಬ ಮನುಷ್ಯ ಎರಡನ್ನೂ ಇಟ್ಟುಕೊಂಡಿದ್ದ ಮಾತ್ರಕ್ಕೆ ಎರಡೂ ಕೂಡುತ್ತವೆ ಅಂತೇನಿಲ್ಲ.

ಬಟಾಣಿ ಗಿಡ

ಸರಿಯಾಗಿ ಹೇಳಿದಿರಿ. ನನ್ನದು ಜೆನೆಟಿಕ್ಸ್. ಹೆಸರು ನೋಡಿಯೇ ಗೊತ್ತಾಗಿರಬೇಕು, ಮಠದ ತೋಟದಲ್ಲಿ ಬಟಾಣಿ ಬೆಳೆದ ಮೆಂಡೆಲ್ ನನ್ನ ದೇವರು, ಹಾಗನ್ನಬಾರದು, ನನ್ನ ಸಂತ. ಆದರೆ ಮೆಂಡೆಲ್ ಹೆಸರು ಹೇಳಿ ನುಣುಚಿಕೊಳ್ಳುವ ಹಾಗಿಲ್ಲ, ಏಕೆಂದರೆ ನಿಜವಾದ ಕಷ್ಟ ಇರುವುದೇ ನನ್ನ ವಿಷಯದಲ್ಲಿ.

ಬಿಗ್ ಬ್ಯಾಂಗ್, ಭೂಮಿಯ ವಯಸ್ಸು ಇವು ಯಾವುದೂ ಕ್ಯಾಥೊಲಿಕರಿಗೆ ತೊಂದರೆಯೇ ಅಲ್ಲ. ವಿಕಾಸವೂ ಅಲ್ಲ. 1950ರಲ್ಲೇ ಪೋಪ್ 12ನೇ ಪಿಯುಸ್ ತಮ್ಮ ಪರಿಪತ್ರದಲ್ಲಿ, ಮನುಷ್ಯನ ದೇಹ ಮೊದಲಿದ್ದ ಜೀವಿಗಳಿಂದ ಬಂದಿರಬಹುದಾ ಎಂದು ವಿದ್ವಾಂಸರು ಚರ್ಚಿಸಲಿ ಎಂದಿದ್ದರು. ಆತ್ಮವನ್ನು ಮಾತ್ರ ದೇವರೇ ನೇರ ಸೃಷ್ಟಿಸುತ್ತಾನೆ ಎನ್ನುವುದು ಷರತ್ತು. 1996ರಲ್ಲಿ 2ನೇ ಜಾನ್ ಪಾಲ್, ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದರು. ಇಲ್ಲಿಯವರೆಗೆ ಸಲೀಸು.

ತೊಡಕು ಎಲ್ಲಿ ಅಂದರೆ, ಅದೇ 1950ರ ಪರಿಪತ್ರ ಇನ್ನೊಂದು ಮಾತು ಹೇಳುತ್ತದೆ. ಮನುಷ್ಯರೆಲ್ಲ ಒಬ್ಬ ಆದಾಮನಿಂದ ಬಂದವರಲ್ಲ, ಮೊದಲೇ ಬಹಳ ಜನ ಇದ್ದರು ಎನ್ನುವ ಅಭಿಪ್ರಾಯವನ್ನು ವಿಶ್ವಾಸಿಗಳು ಹಿಡಿಯುವ ಹಾಗಿಲ್ಲ, ಅದು ಜನ್ಮಪಾಪದ, ಅಂದರೆ ಆದಾಮನ ಪಾಪ ಎಲ್ಲರಿಗೂ ಹುಟ್ಟಿನಿಂದಲೇ ಬರುತ್ತದೆ ಎನ್ನುವ ಬೋಧನೆಯ ಜೊತೆ ಹೇಗೆ ಕೂಡುತ್ತದೆ ಎಂದು ಕಾಣುತ್ತಿಲ್ಲ ಎಂದು. ಇವತ್ತು ನಮ್ಮ ಡಿಎನ್‌ಎಯಲ್ಲಿರುವ ವೈವಿಧ್ಯ ನೋಡಿದರೆ, ನಮ್ಮ ಪೂರ್ವಜರ ಗುಂಪು ಕೆಲವು ಸಾವಿರಕ್ಕಿಂತ ಕೆಳಗೆ ಇಳಿದದ್ದು ಕಾಣುವುದಿಲ್ಲ. ಇಬ್ಬರಿಗೆ ಅಂತೂ ಇಲ್ಲ. ನಮ್ಮೆಲ್ಲರ ತಾಯಿಯ ಕಡೆಯ ವಂಶ ಹೋಗಿ ಸೇರುವ "ಮೈಟೊಕಾಂಡ್ರಿಯಾದ ಹವ್ವ" ಇದ್ದಳಲ್ಲ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅವಳ ಕಾಲದಲ್ಲಿ ಬೇರೆ ಹೆಂಗಸರೂ ಬೇಕಾದಷ್ಟು ಇದ್ದರು. ತಾಯಿಯಿಂದ ಮಗಳಿಗೆ ಸಾಗುವ ಆ ಒಂದು ಎಳೆ ಅವಳದ್ದು ಮಾತ್ರ ಉಳಿಯಿತು, ಅಷ್ಟೇ. ಅವಳನ್ನು ಆದಿಕಾಂಡದ ಹವ್ವಳಿಗೆ ತಾಳೆ ಹಾಕಬೇಡಿ, ಕೈಮುಗಿಯುತ್ತೇನೆ.

ಸೆಮಿನರಿ ಬಿಟ್ಟವನು

ಇದಕ್ಕೆ ಇಂದಿಗೂ ಒಂದು ಪಕ್ಕಾ ಉತ್ತರ ಇಲ್ಲ. ಎರಡು ದಾರಿ ಕೇಳಿದ್ದೇನೆ. ಒಂದು, ಆ ಕೆಲವು ಸಾವಿರ ಜನರೊಳಗೆ ಇಬ್ಬರಿಗೆ ಮೊದಲು ವಿವೇಕವುಳ್ಳ ಆತ್ಮ ಸಿಕ್ಕಿತು, ಅವರ ಸಂತಾನ ಉಳಿದವರ ಜೊತೆ ಬೆರೆಯಿತು, ಕಾಲ ಕಳೆದಂತೆ ಎಲ್ಲರೂ ಅವರ ವಂಶದವರೂ ಆದರು ಎನ್ನುವುದು. ಲೆಕ್ಕದಲ್ಲಿ ಇದು ಸಾಧ್ಯ. ಆದರೆ ನನಗೆ ಇದರಲ್ಲಿ ಮತ್ತೆ ಪೆನ್ಸಿಲ್ ಭಾಗಾಕಾರದ ವಾಸನೆ ಬರುತ್ತದೆ. ಇನ್ನೊಂದು, ಆದಾಮ ಅಂದರೆ ಇಡೀ ಮಾನವಕುಲ ಎನ್ನುವುದು. ಹೀಬ್ರೂವಿನಲ್ಲಿ ಆ ಪದದ ಅರ್ಥವೇ ಮನುಷ್ಯ. ಮೊದಲ ಸಲ ಒಳಿತು ಕೆಡುಕು ಗೊತ್ತಾದಾಗ ಮನುಷ್ಯ ಕೆಡುಕಿನ ಕಡೆ ಕೈ ಚಾಚಿದ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ, ಆದಾಮ ಹವ್ವ ಹಣ್ಣು ತಿಂದ ಕಥೆ ಇರುವ ಆದಿಕಾಂಡದ ಮೂರನೇ ಅಧ್ಯಾಯದ ಭಾಷೆ ಸಾಂಕೇತಿಕ ಎಂದು ಒಪ್ಪುತ್ತದೆ. ಆದರೆ ಮನುಷ್ಯ ಚರಿತ್ರೆಯ ಶುರುವಿನಲ್ಲಿ ನಿಜವಾಗಿ ಏನೋ ಒಂದು ನಡೆಯಿತು ಎಂದು ಬಿಗಿ ಹಿಡಿಯುತ್ತದೆ.

ಲೆಕ್ಕ ಬೇಕು ಅವರ ಗೋಡೆಯ ಪ್ರಶ್ನೆಗೂ ಇಲ್ಲೇ ಹೇಳಿಬಿಡುತ್ತೇನೆ. ಗೋಡೆ ಇದೆ, ಅದು ಪುನರುತ್ಥಾನ. ಕ್ರಿಸ್ತ ಎದ್ದು ಬರಲಿಲ್ಲವಾದರೆ ನಿಮ್ಮ ವಿಶ್ವಾಸ ವ್ಯರ್ಥ ಎಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಘಟನೆ ನಡೆದು ಸುಮಾರು ಇಪ್ಪತ್ತೈದು ವರ್ಷದೊಳಗಿನ ಪತ್ರ ಅದು. ನೋಡಿದ ಕೆಲವರ ಹೆಸರು ಹೇಳುತ್ತಾನೆ, ಒಟ್ಟಿಗೆ ನೋಡಿದ ಐನೂರಕ್ಕೂ ಹೆಚ್ಚು ಜನರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಆದಿಕಾಂಡದ ಹಾಡಿನ ಧಾಟಿ ಅಲ್ಲಿಲ್ಲ. ಅದನ್ನು ರೂಪಕ ಅಂದರೆ ನಾನು ಆವತ್ತೇ ಎದ್ದು ಹೋಗುತ್ತೇನೆ.

ಲೆಕ್ಕ ಬೇಕು

ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಹಾಗಾದರೆ ನನ್ನ ಆಕ್ಷೇಪವೂ ನೇರವಾಗಿಯೇ ಇದೆ. ಸತ್ತವರು ಏಳುವುದಿಲ್ಲ ಎನ್ನುವುದಕ್ಕೆ ಇರುವ ಪುರಾವೆ ಒಂದು ಪತ್ರಕ್ಕಿಂತ ಬಹಳ ದೊಡ್ಡದು.

ಬಟಾಣಿ ಗಿಡ

ಅದು ಒಂದೇ ಒಂದು ಸಲ ನಡೆಯಿತು ಎನ್ನುವ ಮಾತು. ನನ್ನ ಲ್ಯಾಬಿನಲ್ಲಿ ಮತ್ತೆ ಮಾಡಿ ನೋಡುವ ಹಾಗಿಲ್ಲ. ಸತ್ತವರು ತಾವಾಗಿ ಏಳುವುದಿಲ್ಲ ಎಂದು ಅಪೊಸ್ತಲರಿಗೂ ಗೊತ್ತಿತ್ತು, ಅದಕ್ಕೇ ಅಲ್ವಾ ತೋಮ ಗಾಯ ಮುಟ್ಟಿ ನೋಡಬೇಕು ಅಂದಿದ್ದು. ನನ್ನ ಹತ್ತಿರ ನಿಮ್ಮನ್ನು ಒಪ್ಪಿಸುವ ಪುರಾವೆ ಇಲ್ಲ. ನಾನು ನಂಬುತ್ತೇನೆ, ಅದನ್ನು ಪ್ರಯೋಗದ ಫಲಿತಾಂಶ ಎಂದು ಹೇಳಿಕೊಳ್ಳುವುದಿಲ್ಲ.

ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಕ್ರಿಸ್ತನ ದೇಹವಾಗುತ್ತದೆ ಎಂದು ನಾವು ನಂಬುವ ರೊಟ್ಟಿಯ ವಿಷಯಕ್ಕೂ ನನ್ನ ಸಹೋದ್ಯೋಗಿಗಳು ಹೀಗೇ ಕೆಣಕುತ್ತಾರೆ. ತಂದುಕೊಡು, ಟೆಸ್ಟ್ ಮಾಡೋಣ ಅಂತ. ಮಾಡಿದರೆ ಗೋಧಿ ಅಂತಲೇ ಬರುತ್ತದೆ, ಧರ್ಮಸಭೆ ಹೇಳುವುದೂ ಅದನ್ನೇ. ರುಚಿ, ಬಣ್ಣ, ತೂಕ ಯಾವುದೂ ಬದಲಾಗುವುದಿಲ್ಲ, ಬದಲಾಗುವುದು ಅದರ ಒಳ ಸತ್ವ. ಅಳೆಯಲು ಬಾರದ್ದನ್ನು ಇದೆ ಅನ್ನುವುದು ಸರಿಯಾ ಎಂದು ಕೇಳಿದರೆ ಅದು ಒಳ್ಳೇ ಜಗಳ. ಮೈಕ್ರೋಸ್ಕೋಪ್ ಇಟ್ಟು ತೀರ್ಮಾನ ಮಾಡುವ ಜಗಳ ಅಲ್ಲ.

ಸಂಜೆಗಾಳಿ

ರೋಗಿಗಳು ಗುಣವಾಗಲಿ ಎಂದು ಹೋಗುವ ಫ್ರಾನ್ಸಿನ ಯಾತ್ರಾಸ್ಥಳ ಲೂರ್ದ್ ಮರೆತಿರಾ? ಅಲ್ಲಿ ಡಾಕ್ಟರುಗಳೇ ನೋಡಿ ಪವಾಡ ಅಂದಿದ್ದಾರೆ.

ಸೆಮಿನರಿ ಬಿಟ್ಟವನು

ಡಾಕ್ಟರುಗಳು ಪವಾಡ ಅನ್ನುವುದಿಲ್ಲ. ಈಗಿನ ವೈದ್ಯಶಾಸ್ತ್ರಕ್ಕೆ ವಿವರಿಸಲು ಆಗುತ್ತಿಲ್ಲ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಪವಾಡ ಎನ್ನುವುದು ಬಿಷಪ್. ಸಾವಿರಾರು ಜನ ಗುಣವಾಯಿತು ಎಂದು ಹೇಳಿಕೊಂಡಿದ್ದಾರೆ, 1858ರಿಂದ 2018ರವರೆಗೆ ಪವಾಡ ಎಂದು ಒಪ್ಪಿದ್ದು 70. ಈ ಜಿಪುಣತನ ನನಗೆ ಇಷ್ಟ.

ಪೆನ್ಸಿಲ್ ಗುರುತು

ಇವತ್ತಿನ ತರಗತಿ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಮೊದಲು, ಶುಕ್ರವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿದ್ದೆ. 75 ಕೋಟಿ ನೆನಪಿದೆಯಾ ಎಂದು ಕೇಳಿದೆ. ನಕ್ಕರು. "ನಾಲ್ಕನೇ ದಿನಕ್ಕೆ ಬಂದಾಗ ಸಿಕ್ಕಿಹಾಕಿಕೊಂಡೆ ಕಣೇ. ಅದಕ್ಕೇ ಮುಂದಿನ ಪುಟದಲ್ಲಿ ಏನೂ ಬರೆದಿಲ್ಲ, ನೋಡು" ಎಂದರು. ತೆಗೆದು ನೋಡಿದೆ. ನಿಜ, ಆಚೆ ಒಂದು ಗುರುತೂ ಇಲ್ಲ. ಇಷ್ಟು ವರ್ಷ ನಾನು ಆ ಎರಡು ಗೆರೆ ಮಾತ್ರ ನೋಡಿದ್ದೆ.

ತರಗತಿಯಲ್ಲಿ ಬೋರ್ಡಿನ ಮೇಲೆ ಎರಡು ಕಾಲಂ ಹಾಕಿದೆ. ಆದಿಕಾಂಡದ ಒಂದನೇ ಅಧ್ಯಾಯ, ಎರಡನೇ ಅಧ್ಯಾಯ. ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಮಕ್ಕಳೇ ಓದಿ ಹೇಳಬೇಕು. ನಾನು ಬರೀ ಸೀಮೆಸುಣ್ಣ ಹಿಡಿದು ನಿಂತಿದ್ದೆ. ಮೊದಲ ಕಾಲಂನಲ್ಲಿ ಗಿಡ, ಪ್ರಾಣಿ, ಕೊನೆಗೆ ಮನುಷ್ಯ. ಎರಡನೆಯದರಲ್ಲಿ ಮೊದಲೇ ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿ, ಕೊನೆಗೆ ಹೆಂಗಸು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಒಬ್ಬಳು, "ಇಬ್ಬರು ಬೇರೆ ಬೇರೆ ಜನ ಬರೆದಿರಬೇಕು ಟೀಚರ್" ಎಂದಳು. ವಿದ್ವಾಂಸರು ಎಷ್ಟು ಒದ್ದಾಡಿ ಹೇಳಿದ್ದನ್ನು ಇವಳು ಹತ್ತು ನಿಮಿಷದಲ್ಲಿ ಹೇಳಿಬಿಟ್ಟಳು! ಹಾಗಾದರೆ ಇಬ್ಬರೂ ಒಂದೇ ಪುಸ್ತಕದಲ್ಲಿ ಯಾಕಿದ್ದಾರೆ, ಕೂಡಿಸಿದವರಿಗೆ ಇದು ಕಾಣಲಿಲ್ಲವಾ ಎಂದು ಕೇಳಿದೆ. ಅಲ್ಲಿಂದ ಗಲಾಟೆ ಶುರು, ಒಳ್ಳೇ ಗಲಾಟೆ.

ಕೊನೆಗೆ ಡೈನೋಸಾರ್ ಹುಡುಗನಿಗೆ, ನಾನು ಹೋದ ವಾರ ತಪ್ಪು ಹೇಳಿದೆ, ಅವು ಮೊದಲು ಕಾಣಿಸಿಕೊಂಡಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಅದನ್ನು ಬೈಬಲ್ಲಿನಲ್ಲಿ ಹುಡುಕಬೇಡ, ಬಂಡೆಯಲ್ಲಿ ಹುಡುಕು ಎಂದೆ. ಅವನು ನೋಟ್‌ಬುಕ್ ತೆಗೆದು "ಆರನೇ ದಿನ" ಎನ್ನುವುದನ್ನು ಸ್ಕೇಲ್ ಇಟ್ಟು ನೀಟಾಗಿ ಹೊಡೆದು ಹಾಕಿದ. ಆಮೇಲೆ ತಲೆ ಎತ್ತಿ, "ಟೀಚರ್, ಆದಾಮನಿಗೆ ಹೊಕ್ಕುಳು ಇತ್ತಾ?" ಎಂದ.

ಗೊತ್ತಿಲ್ಲ ಮಗಾ ಎಂದೆ. ಬಟಾಣಿ ಅಕ್ಕಾ, ಮುಂದಿನ ಭಾನುವಾರ ನೀವು ಬರಬೇಕು.

ಬಟಾಣಿ ಗಿಡ

ಬರುತ್ತೇನೆ. ಆದರೆ ಹೊಕ್ಕುಳಿನಿಂದ ಶುರು ಮಾಡಿದರೆ ಜನ್ಮಪಾಪದವರೆಗೂ ಹೋಗುತ್ತದೆ, ಎರಡು ಗಂಟೆ ಇಟ್ಟುಕೊಳ್ಳಿ.

ಲೆಕ್ಕ ಬೇಕು

ಅಲ್ಲಿ ಏನಾಯಿತು ಅಂತ ಬಂದು ಇಲ್ಲಿ ಹಾಕಿ. ಆ ಹುಡುಗ ನಮ್ಮ ಪಕ್ಷಕ್ಕೆ ಬರುತ್ತಾನೋ ನಿಮ್ಮ ಪಕ್ಷದಲ್ಲೇ ಉಳಿಯುತ್ತಾನೋ ನೋಡಬೇಕು.